ಯುರೋಪಿನ ಹಳೆಯ ಊರುಗಳಲ್ಲಿ ಕಲ್ಲಿನ ಗುರುತುಗಳನ್ನು ಓದುವ ಬಗೆ

ಓದುಬರಹ ಬಲ್ಲವರು ವಿರಳವಾಗಿದ್ದ ಕಾಲದಲ್ಲಿ ಯುರೋಪಿನ ಊರುಗಳ ಶಿಲ್ಪಗಳು ವಿಳಾಸವನ್ನೂ ಕಸುಬನ್ನೂ ಅಳತೆಯನ್ನೂ ಆಳುವವರ ಹೆಸರನ್ನೂ ಸಾರುತ್ತಿದ್ದವು. ಆದ್ದರಿಂದ ಒಂದು ಶಿಲ್ಪ ಕಣ್ಣಿಗೆ ಬಿದ್ದೊಡನೆ, ಅದು ಆ ಜಾಗದಲ್ಲಿಯೇ ಏಕೆ ಇದೆ ಎಂಬ ಪ್ರಶ್ನೆಯನ್ನು ಮೊದಲು ಹಾಕಿಕೊಳ್ಳಿ.

ಬಾಗಿಲ ಮೇಲ್ಭಾಗದಿಂದ ಆರಂಭಿಸುವುದು ಒಳ್ಳೆಯದು. ಪ್ರಾಗ್‌ನ ನೆರುಡೋವಾ ಬೀದಿಯ ಒಂದು ಮನೆಯ ಮೇಲೆ ಮೂರು ಪಿಟೀಲುಗಳಿದ್ದರೆ ಮತ್ತೊಂದರ ಮೇಲೆ ಎರಡು ಸೂರ್ಯರಿದ್ದಾರೆ. 1770ರಲ್ಲಿ ಮನೆಗಳಿಗೆ ಸಂಖ್ಯೆ ಕೊಡುವ ಮೊದಲು ಜನ ಇಂಥ ಗುರುತುಗಳಿಂದಲೇ ಮನೆ ಹುಡುಕುತ್ತಿದ್ದರು.

ಸಂತರ ಮೂರ್ತಿಗಳಲ್ಲಿ ಮುಖಕ್ಕಿಂತ ಕೈಯಲ್ಲಿರುವ ವಸ್ತುವನ್ನು ಗಮನಿಸಬೇಕು. ಕೀಲಿಕೈ ಪೀಟರನದು, ಚಕ್ರ ಕ್ಯಾಥರೀನಳದು, ಉರಿಯುವ ಮನೆಯ ಮೇಲೆ ನೀರು ಸುರಿಯುವವನು ಬೆಂಕಿಯಿಂದ ಕಾಯುವ ಫ್ಲೋರಿಯನ್. ತಲೆಯ ಸುತ್ತ ಐದು ನಕ್ಷತ್ರಗಳಿರುವ, ಶಿಲುಬೆಯನ್ನು ತೋಳಿಗೊರಗಿಸಿಕೊಂಡ ಪಾದ್ರಿ ನೆಪೊಮುಕ್‌ನ ಯೋಹಾನ. 1393ರಲ್ಲಿ ಅರಸನ ಆಜ್ಞೆಯಂತೆ ಅವನನ್ನು ಪ್ರಾಗ್‌ನಲ್ಲಿ ವಲ್ಟಾವಾ ನದಿಗೆ ಎಸೆದರು. ಅಂದಿನ ಆ ಸಾವಿನಿಂದಲೇ ಅವನು ಸೇತುವೆಗಳ ರಕ್ಷಕನಾದ. ಬವೇರಿಯಾ, ಆಸ್ಟ್ರಿಯಾ, ಚೆಕ್ ನಾಡುಗಳಲ್ಲಿ ಅವನ ಮೂರ್ತಿ ಕಂಡರೆ ಸುತ್ತಮುತ್ತ ನೀರನ್ನು ಹುಡುಕಿ, ಬಹುಮಟ್ಟಿಗೆ ಸಿಗುತ್ತದೆ. ರೆಕ್ಕೆಯ ಸಿಂಹ ಸಂತ ಮಾರ್ಕನ ಲಾಂಛನ. ಕ್ರೊಯೇಷಿಯಾದ ಜಾದರ್ ಊರಿನ ಕೋಟೆಬಾಗಿಲಿನ ಮೇಲೆ ಅದು ಇರುವುದು ಒಂದು ಕಾಲಕ್ಕೆ ಅಲ್ಲಿ ವೆನಿಸ್‌ನ ಆಳ್ವಿಕೆ ಇದ್ದುದರಿಂದ.

ನನ್ನ ಮಟ್ಟಿಗೆ ದೊಡ್ಡ ಮೂರ್ತಿಗಳಿಗಿಂತ ಗೋಡೆಯ ಗೀರುಗಳೇ ಹೆಚ್ಚು ಮಾತಾಡುತ್ತವೆ. ಜರ್ಮನಿಯ ಫ್ರೈಬುರ್ಗ್‌ನ ಮುಖ್ಯ ಚರ್ಚಿನ ಗೋಪುರದ ಕೆಳಗಿನ ದ್ವಾರದಲ್ಲಿ, ಕೈಗೆಟುಕುವ ಎತ್ತರದಲ್ಲಿ, ರೊಟ್ಟಿಯ ಗಾತ್ರಗಳನ್ನು 1270, 1317 ಮುಂತಾದ ಇಸವಿಗಳೊಂದಿಗೆ ಕಲ್ಲಿನಲ್ಲಿ ಕೊರೆದಿದ್ದಾರೆ. ಎದುರಿನ ಸಂತೆಯಲ್ಲಿ ಕೊಂಡ ರೊಟ್ಟಿ ಚಿಕ್ಕದೆನಿಸಿದವರು ಅದನ್ನು ಇಲ್ಲಿಗೆ ತಂದು ಹೋಲಿಸಿ ನೋಡಬಹುದಿತ್ತು. ಸಂತೆ ಇಂದಿಗೂ ಅದೇ ಚೌಕದಲ್ಲಿ ನಡೆಯುತ್ತದೆ. ವಿಯೆನ್ನಾದ ಸಂತ ಸ್ಟೀಫನ್ ಚರ್ಚಿನ ಮುಖ್ಯದ್ವಾರದ ಪಕ್ಕದಲ್ಲಿಯೂ ಬಟ್ಟೆ ಅಳೆಯುವ ಎರಡು ಕಬ್ಬಿಣದ ಸರಳುಗಳಿವೆ. ಇಂಥ ಆಳವಿಲ್ಲದ ಕೆತ್ತನೆಗಳನ್ನು ನೋಡಲು ಬೆಳಕು ಓರೆಯಾಗಿ ಬೀಳುವ ಬೆಳಗು ಅಥವಾ ಸಂಜೆಯ ಹೊತ್ತು ಸೂಕ್ತ.

ಕಾಲಡಿಯನ್ನೂ ನೋಡಿ ನಡೆಯಿರಿ. ಹತ್ತು ಸೆಂಟಿಮೀಟರ್ ಚೌಕದ ಹಿತ್ತಾಳೆಯ ಫಲಕಗಳು ಕಂಡರೆ ಬಾಗಿ ಓದಿ: ಕಲಾವಿದ ಗುಂಟರ್ ಡೆಮ್ನಿಗ್ ಆರಂಭಿಸಿದ ಈ ಸ್ಮಾರಕಗಳಲ್ಲಿ, ಎದುರಿನ ಮನೆಯಲ್ಲಿ ವಾಸವಾಗಿದ್ದು ನಾಜಿಗಳ ಕ್ರೌರ್ಯಕ್ಕೆ ತುತ್ತಾದವರ ಹೆಸರು, ಹುಟ್ಟಿದ ವರ್ಷ ಮತ್ತು ಅವರಿಗೆ ಒದಗಿದ ಗತಿ ಇರುತ್ತವೆ.

ಕೊನೆಗೆ ಊರಾಚೆಯ ಎತ್ತರಕ್ಕೆ ಹತ್ತಿ ನೋಡಿದರೆ ಕಲ್ಲು ಮತ್ತು ನೆಲದ ನಂಟು ಸ್ಪಷ್ಟವಾಗುತ್ತದೆ. ಸ್ವಿಟ್ಜರ್ಲೆಂಡಿನ ಬರ್ನ್‌ನ ಗುಲಾಬಿ ತೋಟದಿಂದ ನೋಡುವಾಗ ಆರೆ ನದಿ ಹಳೆಯ ಊರನ್ನು ಮೂರು ಕಡೆಯಿಂದ ಬಳಸಿರುವುದು ಕಾಣುತ್ತದೆ. ನದಿಯ ಕಾವಲಿಲ್ಲದ ಪಶ್ಚಿಮಕ್ಕೆ ಕೋಟೆಬಾಗಿಲು ಬೇಕಾಯಿತು, ಇಂದಿನ ಗಡಿಯಾರ ಗೋಪುರ ಮೊದಲಿಗೆ ಅದೇ ಆಗಿತ್ತು. ಮನೆಗಳ ಬೂದುಹಸಿರು ಮರಳುಗಲ್ಲು 1405ರ ಬೆಂಕಿಯಲ್ಲಿ ಮರದ ಮನೆಗಳು ಸುಟ್ಟುಹೋದ ಮೇಲೆ ಬಂದದ್ದು.