ಹಳೇ ಸ್ಕಸಿ ಸ್ಪೀಡನ್ನ ಓಸಿ ಲೆಕ್ಕಕ್ಕೆ ತರೋದು ಹೇಗೆ

ಮೊದಲು ಒಂದು ವಿಷ್ಯ ತಲೇಲಿ ಇಟ್ಕೊಳ್ಳಿ, ಸ್ಕಸಿ (SCSI), ಐಡಿಇ (IDE) ತರದ, ಕಂಪ್ಯೂಟರಿಗೆ ಹಾರ್ಡ್ ಡಿಸ್ಕ್ ಜೋಡಿಸೋ ಹಳೇ ಸ್ಟೋರೇಜ್ ಕನೆಕ್ಷನ್‌ಗಳ ಸ್ಪೀಡೆಲ್ಲ ಸೆಕೆಂಡಿಗೆ ಎಷ್ಟು ಮೆಗಾಬೈಟ್ ಅಂತ ಬರೆದಿರ್ತಾರೆ, ಓಸಿ (OC, ಆಪ್ಟಿಕಲ್ ಕ್ಯಾರಿಯರ್) ಅನ್ನೋ ಫೈಬರ್ ಲೈನ್‌ಗಳದು ಮಾತ್ರ ಮೆಗಾಬಿಟ್‌ನಲ್ಲಿ ಇರುತ್ತೆ, ಒಂದು ಬೈಟ್ ಅಂದ್ರೆ 8 ಬಿಟ್, ಜಾಸ್ತಿ ಜನ ತಪ್ಪು ಮಾಡೋದೇ ಇಲ್ಲಿ. ಹಾಗಾಗಿ ಮೊದಲು 8ರಿಂದ ಗುಣಿಸಿ.

ಆಮೇಲೆ ಬಂದಿದ್ದನ್ನ 51.84ರಿಂದ ಭಾಗಿಸಿ. ಸೆಕೆಂಡಿಗೆ 51.84 ಮೆಗಾಬಿಟ್ ಅನ್ನೋದು ಓಸಿ-1ರ ಸ್ಪೀಡು, ಉಳಿದಿದ್ದೆಲ್ಲ ಅದರ ಗುಣಕಗಳೇ, ಓಸಿ-3 ಅಂದ್ರೆ 155.52, ಓಸಿ-12 ಅಂದ್ರೆ 622.08, ಓಸಿ-48 ಅಂದ್ರೆ 2488.32.

ಉದಾಹರಣೆಗೆ ಸೆಕೆಂಡಿಗೆ 320 ಮೆಗಾಬೈಟಿನ ಅಲ್ಟ್ರಾ-320 ಸ್ಕಸಿ ತಗೊಳ್ಳಿ. 320 ಇಂಟು 8, 2560 ಮೆಗಾಬಿಟ್ ಆಯ್ತು, ಭಾಗಿಸಿದ್ರೆ ಸುಮಾರು 49.4 ಬರುತ್ತೆ, ಅಂದ್ರೆ ಓಸಿ-48ಕ್ಕಿಂತ ಒಂಚೂರು ಜಾಸ್ತಿನೇ! ಅಷ್ಟು ಹಳೇ ಕೇಬಲ್ಲು ಒಂದು ದೊಡ್ಡ ಫೈಬರ್ ಲೈನನ್ನೇ ತುಂಬಿಸಬಲ್ಲದು ಅನ್ನೋದು ನಂಗಂತೂ ತುಂಬಾ ಖುಷಿ ಕೊಡೋ ವಿಷ್ಯ.

ಆದ್ರೆ ಇದು ಬರೀ ಲೈನ್ ರೇಟು. ಓಸಿ ಲೈನ್‌ಗಳು ಬಳಸೋ ಸೋನೆಟ್ (SONET) ಪದ್ಧತೀಲಿ ಡೇಟಾ ಫ್ರೇಮುಗಳಾಗಿ ಹೋಗುತ್ತೆ, ಆ ಫ್ರೇಮಿನ ಓವರ್‌ಹೆಡ್, ಅಂದ್ರೆ ಲೈನ್ ನಿಭಾಯಿಸೋಕೆ ಹೋಗೋ ಭಾಗ, ಕಳೆದ್ರೆ ಓಸಿ-48ರಲ್ಲಿ ಡೇಟಾಗೆ ಸಿಗೋದು 2396.16 ಮೆಗಾಬಿಟ್, ಅಂದ್ರೆ ಸೆಕೆಂಡಿಗೆ ಹೆಚ್ಚುಕಮ್ಮಿ 299.5 ಮೆಗಾಬೈಟ್, ಬ್ಯಾಕಪ್‌ಗೆ ಎಷ್ಟು ಹೊತ್ತು ಬೇಕು ಅಂತ ನೋಡೋವಾಗ ದಯವಿಟ್ಟು ಇದನ್ನೇ ಹಿಡೀರಿ. ಇನ್ನೊಂದು, ಇಲ್ಲಿ ಮೆಗಾ ಅಂದ್ರೆ 10 ಲಕ್ಷ, 1048576 ಅಲ್ಲ.