ಮಲ್ಪೆಯಿಂದ ಸೀಶೆಲ್ಸ್‌ವರೆಗೆ ಒಂದು ಗೆರೆ: ಕಡಲ ತಳದ ನಕ್ಷೆ ಓದೋದು ಹೇಗೆ

ಗೂಗಲ್ ಅರ್ಥ್ ತೆರೆದು ಅರಬ್ಬೀ ಸಮುದ್ರದ ಮೇಲೆ ನಿಂತರೆ ನೀಲಿ ನೀರಿನ ಕೆಳಗೆ ಬೆಟ್ಟ, ಕಣಿವೆ, ಬಿರುಕು ಎಲ್ಲ ಕಾಣಿಸುತ್ತವೆ. ನಾನೂ ಬಹಳ ದಿನ ಅದು ಫೋಟೋ ಅಂತಲೇ ನಂಬಿದ್ದೆ. ಫೋಟೋ ಅಲ್ಲ. ಬೆಳಕು ನೀರಿನೊಳಗೆ ಕೆಲವು ನೂರು ಮೀಟರ್ ಇಳಿಯುವಷ್ಟರಲ್ಲೇ ಮಾಯವಾಗುತ್ತದೆ, ಆದರೆ ಸಾಗರದ ಸರಾಸರಿ ಆಳ ಸುಮಾರು 3,700 ಮೀಟರ್. ಅಲ್ಲಿ ಕಾಣುವುದರಲ್ಲಿ ಸ್ವಲ್ಪ ಭಾಗ ಅಳೆದದ್ದು, ಜಾಸ್ತಿ ಭಾಗ ಅಂದಾಜು. ಯಾವುದು ಅಳತೆ, ಯಾವುದು ಅಂದಾಜು ಅಂತ ಗುರುತಿಸೋಕೆ ಕಲಿತರೆ ಈ ನಕ್ಷೆ ಓದೋಕೆ ಬಂದ ಹಾಗೆ. ಅದಕ್ಕೆ ನಾನು ಕಂಡುಕೊಂಡ ಸುಲಭ ದಾರಿ, ಕೂತು ಒಂದು ಗೆರೆ ಎಳೆಯೋದು.

ಬೇಕಾಗಿರೋದು ಒಂದು ಗ್ರಾಫ್ ಹಾಳೆ, ಚೂಪಾದ ಪೆನ್ಸಿಲ್, ಕಂಪ್ಯೂಟರಿನಲ್ಲಿ ಗೂಗಲ್ ಅರ್ಥ್ ಪ್ರೊ. ಅದು ಪುಕ್ಕಟೆ ಸಿಗುತ್ತದೆ. ಮೊಬೈಲಲ್ಲಿ ಮಾಡೋಕೆ ಹೋಗಬೇಡಿ, ಬೆರಳು ಜಾರಿ ತಲೆ ಕೆಡುತ್ತದೆ.

ಮೊದಲು ರೂಲರ್ ತೆಗೆದುಕೊಂಡು ಮಲ್ಪೆಯಿಂದ ಸೀಶೆಲ್ಸ್‌ನ ಮಾಹೆ ದ್ವೀಪದವರೆಗೆ ನೈಋತ್ಯ ದಿಕ್ಕಿಗೆ ಒಂದು ನೇರ ಗೆರೆ ಎಳೆಯಿರಿ. ಸುಮಾರು 2,900 ಕಿಲೋಮೀಟರ್ ಬರುತ್ತದೆ. ಹಾಳೆಯ ಮೇಲೆ ಅಡ್ಡಕ್ಕೆ 1 ಸೆಂಟಿಮೀಟರಿಗೆ 100 ಕಿಲೋಮೀಟರ್ ಇಟ್ಟುಕೊಂಡರೆ ಎ4 ಹಾಳೆಯ ಉದ್ದಕ್ಕೆ ಸರಿಯಾಗಿ ಕೂರುತ್ತದೆ. ಕೆಳಮುಖವಾಗಿ 1 ಸೆಂಟಿಮೀಟರಿಗೆ 1,000 ಮೀಟರ್. ಈಗ ಗೆರೆಯ ಮೇಲೆ ಮೌಸ್ ಸರಿಸುತ್ತಾ ಹೋಗಿ. ಪರದೆಯ ಕೆಳಗಿನ ಪಟ್ಟಿಯಲ್ಲಿ ಎತ್ತರದ ಅಂಕಿ ಮೈನಸ್‌ನಲ್ಲಿ ತೋರಿಸುತ್ತದೆ. ಅದೇ ಆಳ. ಪ್ರತಿ 100 ಕಿಲೋಮೀಟರಿಗೆ ಒಂದು ಚುಕ್ಕೆ ಹಾಕಿ. ದಡದ ಹತ್ತಿರ ಮಾತ್ರ 10 ಕಿಲೋಮೀಟರಿಗೊಂದು.

ಒಂದು ಎಚ್ಚರಿಕೆ. ಈ ಲೆಕ್ಕದಲ್ಲಿ ನಿಮ್ಮ ಚಿತ್ರ 100 ಪಟ್ಟು ಲಂಬವಾಗಿ ಹಿಗ್ಗಿರುತ್ತದೆ. ಹಿಗ್ಗಿಸದೆ ಬರೆದಿದ್ದರೆ 4 ಕಿಲೋಮೀಟರ್ ಆಳದ ಸಮುದ್ರ ಹಾಳೆಯ ಮೇಲೆ 0.4 ಮಿಲಿಮೀಟರ್, ಅಂದರೆ ನಿಮ್ಮ ಪೆನ್ಸಿಲ್ ಗೆರೆಯಷ್ಟೇ ದಪ್ಪ! ಆದ್ದರಿಂದ ಗ್ರಾಫ್‌ನಲ್ಲಿ ಪ್ರಪಾತ ಕಂಡರೆ ಹೆದರಬೇಡಿ, ನಿಜದಲ್ಲಿ ಅದು ಸೈಕಲ್ ತುಳಿಯುವಂಥ ಇಳಿಜಾರು ಇರಬಹುದು.

ಮೊದಲ ನಾಲ್ಕೈದು ಚುಕ್ಕೆ ಹಾಕುವಾಗ ಬೇಜಾರಾಗುತ್ತದೆ, ಆಳ ಹೆಚ್ಚೋದೇ ಇಲ್ಲ. ಅದು ಖಂಡದ ಅಂಚು, ನೀರಿನಡಿ ಮುಳುಗಿದ ನೆಲ. ಮೀನುಗಾರಿಕೆ ಬಹುಪಾಲು ನಡೆಯೋದು ಇದರ ಮೇಲೇ. ಆಮೇಲೆ ತಟ್ಟನೆ ಇಳಿದು 2,000 ಮೀಟರಿನ ಆಸುಪಾಸಿಗೆ ಹೋಗುತ್ತದೆ, 300 ಕಿಲೋಮೀಟರ್ ಹತ್ತಿರ ಲಕ್ಷದ್ವೀಪದ ಏರಿಯಲ್ಲಿ (ಏರಿ ಅಂದರೆ ನೀರಿನಡಿಯ ಉದ್ದನೆಯ ಬೆಟ್ಟಸಾಲು) ಮತ್ತೆ ಮೇಲೆ ಬರುತ್ತದೆ. ಅದನ್ನು ದಾಟಿದರೆ 4,000 ಮೀಟರಿಗೂ ಜಾಸ್ತಿ ಆಳದ ಬಯಲು.

ಇಲ್ಲಿ ಪೆನ್ಸಿಲ್ ಕೆಳಗಿಟ್ಟು ಒಂದು ನಿಮಿಷ ಯೋಚಿಸಿ. ಇಷ್ಟು ಆಳವನ್ನು ಹಗ್ಗದಲ್ಲಿ ಅಳೆದವರು ಏನು ಮಾಡಿರಬೇಕು? ಹಳೇ ಕಡಲ ನಕ್ಷೆಗಳಲ್ಲಿ ಆಳ ಇರೋದು ಫ್ಯಾದಮ್‌ನಲ್ಲಿ. ಫ್ಯಾದಮ್ ಅಂದರೆ ಎರಡೂ ಕೈ ಚಾಚಿದಾಗಿನ ಉದ್ದ, 6 ಅಡಿ. ನಮ್ಮ ಮಾರು ಕೂಡ ಅದೇ ಅಲ್ವಾ, ಹೂವಿನವಳು ಕೈ ಚಾಚಿ ಮಲ್ಲಿಗೆ ಅಳೆಯುವ ಮಾರು! ಸೀಸದ ಗುಂಡು ಕಟ್ಟಿದ ಹಗ್ಗವನ್ನು ನಾವಿಕರೂ ಹಾಗೇ ಕೈ ಚಾಚಿ ಚಾಚಿ ಎಳೆದುಕೊಳ್ಳುತ್ತಿದ್ದರು. ಗುಂಡಿನ ತಳದ ಕುಳಿಗೆ ಪ್ರಾಣಿಗಳ ಕೊಬ್ಬು ಮೆತ್ತಿರುತ್ತಿದ್ದರು, ತಳದ ಮರಳೋ ಕೆಸರೋ ಅದಕ್ಕೆ ಅಂಟಿಕೊಂಡು ಬರಲಿ ಅಂತ. ಈಗಲೂ ಇಂಗ್ಲಿಷ್ ನಕ್ಷೆಗಳಲ್ಲಿ ಆಳದ ಪಕ್ಕ ‘ಎಸ್’ ಇದ್ದರೆ ಮರಳು, ‘ಎಂ’ ಇದ್ದರೆ ಕೆಸರು.

ಆಳ ಜಾಸ್ತಿಯಾದರೆ ಗುಂಡು ತಳ ಮುಟ್ಟಿದ್ದೇ ಗೊತ್ತಾಗುವುದಿಲ್ಲ, ಯಾಕೆಂದರೆ ಹಗ್ಗ ತನ್ನ ಭಾರಕ್ಕೇ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ಹಾಗಾಗಿ ಹಗ್ಗದ ಗುರುತುಗಳು ಇಳಿಯುವುದನ್ನು ಗಡಿಯಾರ ಹಿಡಿದು ನೋಡುತ್ತಿದ್ದರು. ಒಂದು ಗುರುತಿನಿಂದ ಇನ್ನೊಂದಕ್ಕೆ ಹಿಡಿಯುವ ಹೊತ್ತು ಒಮ್ಮೆಲೇ ಹೆಚ್ಚಾದರೆ ತಳ ಮುಟ್ಟಿತು ಅಂತ ಲೆಕ್ಕ. 1872ರಿಂದ 1876ರವರೆಗೆ ಲೋಕ ಸುತ್ತಿದ ಬ್ರಿಟಿಷ್ ಹಡಗು ಚಾಲೆಂಜರ್ ಹೀಗೇ ಅಳೆಯುತ್ತಾ ಹೋಯಿತು, ಒಂದೊಂದು ಅಂಕಿಗೆ ಗಂಟೆಗಟ್ಟಲೆ ಹಗ್ಗ ಇಳಿಸಿ ಎತ್ತಿ. 1875ರ ಮಾರ್ಚ್‌ನಲ್ಲಿ ಪೆಸಿಫಿಕ್ ಸಾಗರದ ಮರಿಯಾನಾ ಕಮರಿಯ ಹತ್ತಿರ 4,475 ಮಾರು ಸಿಕ್ಕಿತು. ಮೀಟರಿನಲ್ಲಿ 8,184.

ಆಮೇಲೆ ಸದ್ದು ಬಂತು. ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ. ಹಡಗಿನಿಂದ ಸದ್ದು ಬಿಟ್ಟು ಪ್ರತಿಧ್ವನಿ 5 ಸೆಕೆಂಡಿಗೆ ಬಂದರೆ, ಹೋಗಿ ಬರೋ ದಾರಿ 7,500 ಮೀಟರ್, ಆಳ 3,750.

ಈಗ ಮತ್ತೆ ಗೆರೆಗೆ. 1,500ರಿಂದ 1,700 ಕಿಲೋಮೀಟರ್ ನಡುವೆ ಅವಸರ ಬೇಡ, 5 ಕಿಲೋಮೀಟರಿಗೊಂದು ಚುಕ್ಕೆ ಹಾಕಿ. 100ಕ್ಕೊಂದು ಹಾಕಿದರೆ ಮುಖ್ಯವಾದದ್ದೇ ತಪ್ಪಿಹೋಗುತ್ತದೆ (ನನಗೆ ಮೊದಲ ಸಲ ತಪ್ಪಿತ್ತು, ಸುಮ್ನೆ ಒಂದು ದಿಬ್ಬ ಬರೆದು ಮುಂದೆ ಹೋಗಿದ್ದೆ). ತಳ ನಿಧಾನವಾಗಿ ಏರುತ್ತದೆ, ತುದಿಯಲ್ಲಿ ಸೀಳಿದ ಹಾಗೆ ಒಂದು ಕಣಿವೆ. ಇದು ಕಾರ್ಲ್ಸ್‌ಬರ್ಗ್ ಏರಿ. ಹೌದು, ಬಿಯರ್ ಕಂಪನಿಯ ಹೆಸರೇ. ಡೆನ್ಮಾರ್ಕಿನ ಆ ಕಂಪನಿಯ ಪ್ರತಿಷ್ಠಾನ ಈ ಏರಿಯನ್ನು ಕಂಡುಹಿಡಿದ 1928–30ರ ಸಮುದ್ರಯಾನಕ್ಕೆ ಹಣ ಕೊಟ್ಟಿತ್ತು.

ಇಂಥದ್ದೇ ಕಣಿವೆಯನ್ನು ಅಟ್ಲಾಂಟಿಕ್‌ನಲ್ಲಿ ಗುರುತಿಸಿದವರು ಅಮೆರಿಕದ ಮೇರಿ ಥಾರ್ಪ್. ಮಾಡಿದ್ದು ನೀವು ಈಗ ಮಾಡ್ತಿರೋ ಕೆಲಸವನ್ನೇ. ಹೆಂಗಸು ಅಂತ ಅವರನ್ನು ಹಡಗು ಹತ್ತಿಸುತ್ತಿರಲಿಲ್ಲ. ಗಂಡಸರು ತಂದ ಅಂಕಿಗಳನ್ನು ಮೇಜಿನ ಮೇಲೆ ಹರಡಿಕೊಂಡು ಒಂದೊಂದೇ ಗೆರೆ ಬರೆದರು. 1952ರ ಹೊತ್ತಿಗೆ ಗೆರೆಗಳನ್ನು ಒಂದರ ಕೆಳಗೊಂದು ಜೋಡಿಸಿದಾಗ ಎಲ್ಲದರಲ್ಲೂ ಏರಿಯ ನಡುವೆ ಒಂದೇ ಕಡೆ ಗುಳಿ. ಭೂಮಿ ಅಲ್ಲಿ ಬಾಯಿ ಬಿಡುತ್ತಿದೆ ಅಂತ ಮೇರಿ ಹೇಳಿದರೆ, ಜೊತೆಗಾರ ಬ್ರೂಸ್ ಹೀಜನ್ ಹುಡುಗಿಯರ ಹರಟೆ ಅಂತ ತಳ್ಳಿಹಾಕಿದರು. ಪಕ್ಕದ ಮೇಜಿನವರು ಅದೇ ಅಳತೆಯಲ್ಲಿ ಗುರುತು ಮಾಡಿದ್ದ ಭೂಕಂಪದ ಚುಕ್ಕೆಗಳು ಸರಿಯಾಗಿ ಆ ಗುಳಿಯ ಮೇಲೇ ಬಿದ್ದಾಗ ಹೀಜನ್ ಬಾಯಿ ಮುಚ್ಚಿತು.

ಏರಿಯಿಂದ ನೆಲ ಎರಡೂ ಕಡೆ ಸರಿಯುತ್ತಿದೆ ಅನ್ನೋದಕ್ಕೆ ದೊಡ್ಡ ಸಾಕ್ಷಿ ನಿಮ್ಮ ಗೆರೆ ದಾಟುವ ಈ ಏರಿಯಲ್ಲೇ ಸಿಕ್ಕಿತು. 1962ರಲ್ಲಿ ಓವನ್ ಎಂಬ ಹಡಗು ಕಾರ್ಲ್ಸ್‌ಬರ್ಗ್ ಏರಿಯ ಮೇಲೆ ಕಾಂತಶಕ್ತಿ ಅಳೆದು ತಂದ ಅಂಕಿಗಳನ್ನು ಇಟ್ಟುಕೊಂಡು ಭೂವಿಜ್ಞಾನಿಗಳಾದ ಫ್ರೆಡ್ ವೈನ್ ಮತ್ತು ಡ್ರಮಂಡ್ ಮ್ಯಾಥ್ಯೂಸ್ 1963ರಲ್ಲಿ ತಮ್ಮ ಪ್ರಸಿದ್ಧ ಪ್ರಬಂಧ ಬರೆದರು: ಏರಿಯಲ್ಲಿ ಹೊಸದಾಗಿ ಹುಟ್ಟಿದ ಕಲ್ಲು ತಣಿಯುವಾಗ ಆಗಿನ ಭೂಕಾಂತದ ದಿಕ್ಕನ್ನು ಹಿಡಿದಿಟ್ಟುಕೊಂಡು ಎರಡೂ ಕಡೆ ಸರಿಯುತ್ತದೆ ಅಂತ.

ಈಗ ಅಂದಾಜನ್ನು ಹಿಡಿಯೋಣ. ನಿಮ್ಮ ಗೆರೆಯ ಅಕ್ಕಪಕ್ಕ ಹತ್ತಿರಕ್ಕೆ ಜೂಮ್ ಮಾಡಿ. ಮಸುಕು ತಳದ ಮೇಲೆ ಕಿರಿದಾದ, ಸ್ಪಷ್ಟವಾದ ಪಟ್ಟಿಗಳು ಕಂಡರೆ ಅವು ಹಡಗು ಸದ್ದು ಬಿಡುತ್ತಾ ಹೋದ ದಾರಿ, ಅಂದರೆ ಅಳತೆ. 2009ರಲ್ಲಿ ಕ್ಯಾನರಿ ದ್ವೀಪಗಳ ಬಳಿ ಇಂಥ ಪಟ್ಟಿಗಳ ಜಾಲ ಕಂಡು ಅಟ್ಲಾಂಟಿಸ್ ನಗರ ಸಿಕ್ಕಿತು ಅಂತ ಜನ ಕುಣಿದಿದ್ದರು! ಸುತ್ತಲಿನ ಮಸುಕು ಉಪಗ್ರಹದ ಲೆಕ್ಕ. ನೀರಿನಡಿ 2,000 ಮೀಟರ್ ಎತ್ತರದ ಬೆಟ್ಟ ಇದ್ದರೆ ಅದರ ಗುರುತ್ವಕ್ಕೆ ಮೇಲಿನ ನೀರು ಸುಮಾರು 2 ಮೀಟರ್ ಉಬ್ಬುತ್ತದೆ, ಉಪಗ್ರಹ ಆ ಉಬ್ಬನ್ನು ಅಳೆಯುತ್ತದೆ. ಆದರೆ ಉಬ್ಬು ತಗ್ಗಿಗೆಲ್ಲ ತಳವೇ ಕಾರಣ ಅಲ್ಲ. ಶ್ರೀಲಂಕಾದ ದಕ್ಷಿಣಕ್ಕೆ ಸಮುದ್ರದ ಮೇಲ್ಮೈ 100 ಮೀಟರಿಗೂ ಹೆಚ್ಚು ತಗ್ಗಿದೆ, ಅದಕ್ಕೆ ಕಾರಣ ಭೂಮಿಯ ಒಳಗೆ ಬಹಳ ಆಳದಲ್ಲಿದೆ ಅಂತ ಬೆಂಗಳೂರಿನ ಐಐಎಸ್‌ಸಿ ಸಂಶೋಧಕರು 2023ರಲ್ಲಿ ವಿವರಿಸಿದರು.

ಕಣ್ಣಿನ ಮೇಲೆ ನಂಬಿಕೆ ಇಲ್ಲದಿದ್ದರೆ ಜೆಬ್ಕೊ ಅನ್ನೋ ಅಂತರರಾಷ್ಟ್ರೀಯ ಯೋಜನೆಯ ನಕ್ಷೆ ಇಳಿಸಿಕೊಳ್ಳಿ, ಅದೂ ಪುಕ್ಕಟೆ. ಜೊತೆಗೆ ಬರುವ ಇನ್ನೊಂದು ಕಡತದಲ್ಲಿ ಪ್ರತಿ ಚೌಕಕ್ಕೂ ಅಂಕಿ ಎಲ್ಲಿಂದ ಬಂತು ಅಂತ ಇರುತ್ತದೆ: 11 ಇದ್ದರೆ ಹಡಗಿನ ಸದ್ದಿನ ಅಳತೆ, 40 ಇದ್ದರೆ ಉಪಗ್ರಹದ ಅಂದಾಜು. ಇಡೀ ಲೋಕದ ಕಡಲ ತಳದಲ್ಲಿ ಸರಿಯಾಗಿ ಅಳೆದದ್ದು ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಹಡಗು ನಡೆಸೋಕೆ ಮಾತ್ರ ಇದ್ಯಾವುದೂ ಸಾಲದು. ಅದಕ್ಕೆ ನಮ್ಮ ರಾಷ್ಟ್ರೀಯ ಜಲಮಾಪನ ಕಚೇರಿಯ ನಕ್ಷೆಗಳೇ ಬೇಕು. ಆ ಕಚೇರಿ ಇರೋದು ಡೆಹ್ರಾಡೂನಿನಲ್ಲಿ, ಕಡಲಿಗೆ ಅಷ್ಟು ದೂರದಲ್ಲಿ.

ಅಳೆದ ಚುಕ್ಕೆಗಳನ್ನು ತುಂಬಿಸಿ, ಅಂದಾಜಿನದ್ದನ್ನು ಖಾಲಿ ಸುತ್ತಾಗಿ ಬಿಡಿ. ಗೆರೆ ಮುಗಿಯುವ ಕಡೆ ತಳ ದಿಢೀರನೆ ಎದ್ದು 100 ಮೀಟರಿಗಿಂತ ಕಡಿಮೆ ಆಗುತ್ತದೆ. ಸೀಶೆಲ್ಸ್ ಬಂತು. ಮಾಹೆಯ ಬಂಡೆ ನೋಡಿ, ಗ್ರಾನೈಟ್, ಸುಮಾರು 75 ಕೋಟಿ ವರ್ಷ ಹಳೆಯದು. ಸಾಗರದ ತಳದಲ್ಲಿ ಹುಟ್ಟುವ ಕಲ್ಲಲ್ಲ ಅದು, ಖಂಡದ್ದು. 6 ಕೋಟಿಗೂ ಹೆಚ್ಚು ವರ್ಷಗಳ ಹಿಂದೆ ಅದು ನಮ್ಮ ಪಶ್ಚಿಮ ಕರಾವಳಿಗೆ ಅಂಟಿಕೊಂಡಿತ್ತು. ನೀವು ಚುಕ್ಕೆ ಹಾಕಿದ 2,900 ಕಿಲೋಮೀಟರ್ ಆಗ ಇರಲೇ ಇಲ್ಲ.