ಗೇಮ್ ಮುಗ್ಗರಿಸಲು ಒಂದು ಪಿನ್ ಸಾಕು

ನಾನೇ ಜೋಡಿಸಿದ ಕಂಪ್ಯೂಟರ್. ಗೇಮ್ ಮೊದಲ ಹತ್ತು ನಿಮಿಷ ಬೆಣ್ಣೆಯಂತೆ ಓಡುತ್ತಿತ್ತು, ಆಮೇಲೆ ಮುಗ್ಗರಿಸುತ್ತಿತ್ತು. ಡ್ರೈವರ್ ಸಾಫ್ಟ್‌ವೇರ್ ಬದಲಿಸಿದೆ, ವಿಂಡೋಸ್ ಹೊಸದಾಗಿ ಹಾಕಿದೆ. ಸುಮ್ನೆ ಒಂದು ಭಾನುವಾರ ಹಾಳು.

ಕೊನೆಗೆ ಆಡುತ್ತಲೇ ಬಿಸಿ ಎಷ್ಟಿದೆ ಅಂತ ನೋಡಿದೆ. ಗ್ರಾಫಿಕ್ಸ್ ಕಾರ್ಡ್ 68 ಡಿಗ್ರಿ, ಪ್ರೊಸೆಸರ್ 100! ದಾವಣಗೆರೆಯ ಏಪ್ರಿಲ್ ಬಿಸಿಲು ಗೊತ್ತಲ್ವಾ, ಆದರೂ ಇದು ಜಾಸ್ತಿಯೇ. ಅಷ್ಟು ಕಾದರೆ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ವೇಗ ಇಳಿಸಿಬಿಡುತ್ತದೆ. ಆಟ ತಡವರಿಸುತ್ತಿದ್ದುದು ಅದಕ್ಕೇ.

ಪ್ಲಗ್ ಕಿತ್ತು, ಪಕ್ಕದ ಮುಚ್ಚಳ ತೆಗೆದು ಪ್ರೊಸೆಸರ್ ತಣ್ಣಗಿಡುವ ಕೂಲರ್ ಮುಟ್ಟಿದರೆ ಅಲ್ಲಾಡಿತು. ಅದನ್ನು ಹಿಡಿದಿಡುವ ನಾಲ್ಕು ಪಿನ್‌ಗಳಲ್ಲಿ ಒಂದು ಬೋರ್ಡಿನಲ್ಲಿ ಕೂತೇ ಇರಲಿಲ್ಲ. ತಪ್ಪು ನನ್ನದೇ, ಬೈಯಲು ಯಾರೂ ಸಿಗಲಿಲ್ಲ. ಕೂಲರ್ ತೆಗೆದು, ಪ್ರೊಸೆಸರ್‌ನ ಬಿಸಿಯನ್ನು ಅದಕ್ಕೆ ದಾಟಿಸುವ ಪೇಸ್ಟ್ ಒಣಗಿದ್ದನ್ನು ಒರೆಸಿ, ಬಟಾಣಿ ಕಾಳಿನಷ್ಟು ಹೊಸದು ಹಾಕಿ, ಮೂಲೆಗೆ ಮೂಲೆ ಎದುರಾಗಿರುವ ಪಿನ್‌ಗಳನ್ನು ಜೋಡಿಜೋಡಿಯಾಗಿ ‘ಟಕ್’ ಅನ್ನುವವರೆಗೆ ಒತ್ತಿದೆ. ಈಗ ಪ್ರೊಸೆಸರ್ 74 ದಾಟುತ್ತಿಲ್ಲ.